ಹದಿನೇಳು ರೂಪಾಯಿ ಎಪ್ಪತ್ತು ಪೈಸೆ

ಪಾಸ್‌ಬುಕ್ಕಿನ ಯಂತ್ರ ಕರಕರ ಹಲ್ಲು ಕಡಿದು
ಪುಟವನ್ನು ಹೊರಗೆ ಉಗುಳಿದಾಗೆಲ್ಲ ಅದೇ ಸಾಲು:
ಎಸ್ಸೆಮ್ಮೆಸ್ಸಿನ ಬಾಬ್ತು, ಹದಿನೇಳು ರೂಪಾಯಿ ಎಪ್ಪತ್ತು ಪೈಸೆ.
ಮೂರು ತಿಂಗಳಿಗೊಮ್ಮೆ, ತಪ್ಪದೆ,
ಚೆಂಬೂರಿನ ನಮ್ಮ ಚಾಳಿನ ನಲ್ಲಿಗಿಂತ ನಿಯತ್ತಾಗಿ.

ನನ್ನ ಫೋನಿಗೆ ಒಂದೂ ಬಂದದ್ದಿಲ್ಲ.

ಸೀರೆಗೆ ಫಾಲು ಅರ್ಧ ಹೊಲಿದರೆ ಅಷ್ಟು ದುಡ್ಡು.
ನನಗೆ ಲೆಕ್ಕ ಬರುವುದೇ ಹೀಗೆ.

ಮೂರನೇ ಕೌಂಟರಿನ ಹುಡುಗ ತಲೆ ಎತ್ತಲಿಲ್ಲ:
"ಮಾವಶಿ, ಮೆಸೇಜು ಹೋಗ್ತಾ ಇದೆ, ಸಿಸ್ಟಮ್ಮಿನಲ್ಲಿದೆ."
ಎಲ್ಲಿಗೆ ಹೋಗ್ತದಪ್ಪ?
ಕೊನೆಯ ನಾಲ್ಕು ಅಂಕಿ ಓದಿದ.

ನಮ್ಮವರ ನಂಬರು.

ಹೋಗಿ ಐದು ವರ್ಷ.
ಮರಣಪತ್ರದ ಮೂರು ನಕಲು ಇಸಕೊಂಡು
ಜಂಟಿ ಖಾತೆಯಿಂದ ಹೆಸರು ಹೊಡೆದು ಹಾಕಿದವರು
ನಂಬರನ್ನು ಮಾತ್ರ ಸಾಯಲು ಬಿಟ್ಟಿರಲಿಲ್ಲ.
ದೂರಿನಲ್ಲಿ ಬರೆಯಲೇಬೇಕಾಯ್ತು, ಐತಪ್ಪ ಎಂದು,
ಬಾಯಿಬಿಟ್ಟು ನಾನು ಎಂದೂ ಕರೆಯದ ಹೆಸರು.

"ತಲುಪಿದೆ" ಎಂಬ ಒಂದು ಮುದ್ರೆಗೆ
ಎರಡು ಮಧ್ಯಾಹ್ನ ಹೋಯಿತು.
ಝೆರಾಕ್ಸಿನ ಫೆಲಿಕ್ಸ್ ಹೇಳಿದ: ಮುದ್ರೆ ಬಿಟ್ಟು ಬರಬೇಡಿ ಬಾಯಮ್ಮ,
ಮೂವತ್ತು ದಿನ ಕಾಯಿರಿ, ಆಮೇಲೆ ಒಂಬುಡ್ಸ್‌ಮನ್.
ಒಂಬತ್ತೋ ಒಂಬುಡ್ಸೋ, ನಾಲಗೆ ತಿರುಗಲಿಲ್ಲ.
ಫೀಸೆಷ್ಟು ಅಂದೆ. ಇಲ್ಲ ಅಂದ. ನಂಬಲಿಲ್ಲ.

ಇಪ್ಪತ್ತೊಂಬತ್ತನೆಯ ರಾತ್ರಿ, ಯಾಕೋ,
ಆ ನಂಬರಿಗೆ ನಾನೇ ಫೋನು ಹಚ್ಚಿದೆ.
ಯಾರೋ ಎತ್ತಿದರು. ಅಕೋಲಾದಲ್ಲಿ ಟೆಂಪೊ ಓಡಿಸುವವನಂತೆ.
"ಓಹೋ, ಆ ಖಾತೆ ನಿಮ್ಮದಾ?
ದೀಪಾವಳಿಗೆ ಮುಂಚೆ ಜಮಾ ಜೋರು ನಿಮಗೆ.
ಹೋದ ಜುಲೈಯಲ್ಲಿ ಮಾತ್ರ ಒಂದು ರೂಪಾಯಿ ಬೀಳಲಿಲ್ಲ,
ಮೈಯಲ್ಲಿ ಹುಷಾರಿರಲಿಲ್ಲವಾ ತಾಯಿ?"

ಜುಲೈಯಲ್ಲಿ ಮಣಿಕಟ್ಟು ಮುರಿದಿತ್ತು.
ಗಿರಾಕಿ ಕೈತಪ್ಪೀತೆಂದು
ಚಾಳಿನಲ್ಲಿ ಒಂದು ನರಪಿಳ್ಳೆಗೂ ಹೇಳಿರಲಿಲ್ಲ.
ರಾಂಗ್ ನಂಬರು ಅಂದುಬಿಟ್ಟೆ.

ಮೂವತ್ತೊಂದನೆಯ ದಿನ ಫೆಲಿಕ್ಸ್ ಟೈಪು ಮಾಡಿದ, ನಾನು ಹೇಳಿದೆ.
ಎರಡು ವಾರಕ್ಕೆ ಮ್ಯಾನೇಜರೇ ಕುರ್ಚಿ ಎಳೆದು ಕೊಟ್ಟರು,
ಚಹಾ ತರಿಸಿದರು, ಸಕ್ಕರೆ ಎಷ್ಟೆಂದು ಕೇಳಿದರು.
ಇಪ್ಪತ್ತು ಕಂತು, ಮುನ್ನೂರ ಐವತ್ತನಾಲ್ಕು ರೂಪಾಯಿ, ವಾಪಸು.

ಈಗ ಟಿಣ್ ಅನ್ನುವುದು ನನ್ನದೇ ಫೋನು.
ಹೊಲಿದದ್ದು ನಾನು, ದುಡ್ಡು ಕಟ್ಟಿದ್ದು ನಾನು,
ಕಟ್ಟಿದೆ ಎಂದು ನನಗೇ ಸುದ್ದಿ.

ಅಕೋಲಾಕ್ಕೆ ಇನ್ನು ಏನೂ ಹೋಗುವುದಿಲ್ಲ.
ಕೈ ಸರಿಯಾಗಿದೆ ಎಂದಾದರೂ
ಅವನಿಗೆ ಹೇಳಬಹುದಿತ್ತು.