ಫ್ಲಾಸ್ಕಿನ ಮುಚ್ಚಳ

ಎಪ್ಪತ್ತೆಂಟರ ಫೆಬ್ರವರಿ. ನಮ್ಮ ಸ್ಲೇಟುಗಣಿ ಮುಚ್ಚಿ
ಆಗಲೇ ಆರು ವರ್ಷ.
ಲಂಡನ್ನಿನಿಂದ ಮೂರು ಲಾರಿ ಬಂದವು
ಗಣಿಯನ್ನು ಬೇರೊಂದು ಗ್ರಹ ಮಾಡಲಿಕ್ಕೆ.
ಹೆಚ್ಚೇನೂ ಮಾಡಬೇಕಾಗಲಿಲ್ಲ.
ಎಚ್ಚರಿಕೆಯ ಬೋರ್ಡು ಕಿತ್ತರು,
ಒಂದಿಷ್ಟು ಹೊಗೆ ಬಿಟ್ಟರು.

ದಿನಕ್ಕೆ ಏಳು ಪೌಂಡು, ಮಧ್ಯಾಹ್ನದ ಊಟ.
ಹನ್ನೊಂದು ಮಂದಿ ಅನ್ಯಗ್ರಹದವರಾದೆವು:
ಇದ್ರಿಸ್, ಕುಂಟ ಟಿಡರ್, ಚಾಪೆಲ್ಲಿನಲ್ಲಿ ಆರ್ಗನ್ ನುಡಿಸುವ ಗ್ಲಿನ್...
ಎಡದಿಂದ ಮೂರನೆಯವನು ನಾನು.
ಹಸಿರು ರಬ್ಬರಿನೊಳಗೆ ಬೆವರು
ಮೊಣಕಾಲಿಗಿಳಿಯುವಷ್ಟರಲ್ಲಿ ಐಸಾಗುತ್ತಿತ್ತು.
ಉಸಿರಾಡಲೆಂದು ಬಾಯಿಯ ಜಾಗದಲ್ಲಿ
ಕತ್ತರಿಯಿಂದ ಒಂದು ಸೀಳು.

'ಏನಾದರೂ ಮಾತಾಡಿ' ಅಂದ ನಿರ್ದೇಶಕ,
'ನಿಮ್ಮ ಭಾಷೆಯೇ ಸಾಕು, ಯಾರಿಗೆ ಅರ್ಥವಾಗುತ್ತೆ!'
ಕ್ಯಾಮೆರಾ ತಿರುಗಿತು. ತಲೆ ಖಾಲಿ.
ಒಂದು ಕೈ ಆಕಾಶಕ್ಕೆತ್ತಿ
ಅಪ್ಪಟ ವೆಲ್ಷ್‌ನಲ್ಲಿ, ಪಾದ್ರಿಯ ಗಾಂಭೀರ್ಯದಲ್ಲಿ ಕೇಳಿದೆ:
ಇದ್ರಿಸ್, ಫ್ಲಾಸ್ಕಿನ ಮುಚ್ಚಳ ಎಲ್ಲಿಟ್ಟೆಯೋ?

ಒಂಬತ್ತು ತಿಂಗಳು ಕಾದೆವು, ಹೆರಿಗೆಗೆ ಕಾದ ಹಾಗೆ.
ಶನಿವಾರ ಸಂಜೆ ಕ್ವಾರಿ ಹೋಟೆಲಿನ ಬಣ್ಣದ ಟೀವಿಯ ಮುಂದೆ
ಬೆಂಚು ಸಾಲದೆ ಬಿಯರ್ ಪೆಟ್ಟಿಗೆಗಳ ಮೇಲೂ ಜನ.
ಮಿಸೆಸ್ ಪ್ರಿಚರ್ಡ್ ಹಲ್ಲುಸೆಟ್ಟು ಹಾಕಿಕೊಂಡು ಬಂದಿದ್ದಳು.

ಇಪ್ಪತ್ತು ನಿಮಿಷ ನಾಯಕ ಒಂದು ಕಾರಿಡಾರಿನಲ್ಲಿ ಓಡಿದ.
ಅದೇ ಕಾರಿಡಾರಿನಲ್ಲಿ ವಾಪಸು ಓಡಿದ.
ಕೊನೆಗೆ ನಮ್ಮ ಗಣಿ.
'ಇಲ್ಲಿ ಯಾರೂ ಎಂದೂ ಬಾಳಿದ ಕುರುಹಿಲ್ಲ' ಅಂದ,
ನನ್ನಜ್ಜ ಉಳಿಯಿಂದ ಕಡಿದ ಮೆಟ್ಟಿಲ ಮೇಲೆ ನಿಂತು.
ಹಿಂದೆ ಯಾರೋ ಕೆಮ್ಮಿದರು.
ನಮ್ಮೂರಿನ ಕೆಮ್ಮು, ಒಮ್ಮೆ ಶುರುವಾದರೆ ಬೇಗ ನಿಲ್ಲುವುದಿಲ್ಲ.

ಆಮೇಲೆ ನಾನು. ನಾಲ್ಕು ಸೆಕೆಂಡು.
ಕೈ ಎತ್ತಿದೆ, ಸೀಳು ಅಲುಗಿತು,
ಮಾತಿದ್ದ ಜಾಗದಲ್ಲಿ
ಡಬ್ಬಿಯೊಳಗೆ ಕಣಜ ಸಿಕ್ಕಿಕೊಂಡ ಸದ್ದು.
ಕೆಳಗೆ ಬಿಳಿ ಅಕ್ಷರ: ಮನುಷ್ಯರೇ, ಶರಣಾಗಿ.
ಮರುಗಳಿಗೆಗೆ ಹನ್ನೊಂದು ಮಂದಿಯೂ ಬೂದಿ,
ಬ್ಯಾಟರಿ ಟಾರ್ಚಿನಂಥದ್ದೊಂದರಿಂದ.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ.
ಬೆಟ್ಟ ಅಗೆದದ್ದು ನಾವು, ನಾಲ್ಕು ತಲೆಮಾರು.
ಇಲಿ ಹಿಡಿಯಲು ಬಂದವರು ಇವರು.
ಅದೂ ರಬ್ಬರಿನ ಇಲಿ.

ಹೆಸರುಗಳು ಸುರುಳಿಯಂತೆ ಮೇಲೇರಿದವು; ನಮ್ಮದು ಒಂದೂ ಇಲ್ಲ.
ಹೋಟೆಲಿನವಳು ಗ್ಲಾಸು ಒರೆಸಿದ್ದನ್ನೇ ಒರೆಸುತ್ತಿದ್ದಳು.
ನಾನು ಬೂಟಿನ ಲೇಸು ಕಟ್ಟುವವನಂತೆ ಬಗ್ಗಿಕೊಂಡೆ.

ಮೂಲೆಯಲ್ಲಿ ಅಪ್ಪ.
ಐವತ್ತೊಂದರಲ್ಲಿ ಸಿಡಿಮದ್ದು ಅವನ ಎರಡೂ ಕಿವಿ ಒಯ್ದಿತ್ತು;
ಅಂದಿನಿಂದ ಅವನು ಕೇಳುವುದೆಲ್ಲ ಬೇರೆಯವರ ತುಟಿಗಳಲ್ಲಿ.
ಧೂಳಿನಲ್ಲಿ, ಮಂಜಿನಲ್ಲಿ, ಮಫ್ಲರಿನ ಸಂದಿನಲ್ಲಿ ಓದಿ ಪಳಗಿದವನಿಗೆ
ರಬ್ಬರಿನ ಒಂದು ಸೀಳು ಯಾವ ಲೆಕ್ಕ!
ಕಣಜ ಅವನಿಗೆ ಕೇಳಿಸಲೇ ಇಲ್ಲ.

ಕಿವುಡರ ಎತ್ತರದ ದನಿಯಲ್ಲಿ
ಆರಿದ ಟೀವಿಗೆ ಬೆರಳು ತೋರಿಸಿ ಗದರಿದ:
'ಅವನನ್ನೇನು ಕೇಳ್ತೀಯ,
ಮೊದಲು ನಿನ್ನ ಕೋಟಿನ ಜೇಬು ನೋಡಿಕೋ!'

ಇದ್ರಿಸ್ ಮಾತ್ರ ಮೆಲ್ಲಗೆ
ತನ್ನದನ್ನು ತಡಕಿಕೊಂಡ.