ಬಿರುಕಿಗೆ ಗಾಜು

ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ಬಡಿದೆ.
ಕಲ್ಲು ಗಟ್ಟಿ ಇದ್ದಲ್ಲಿ ಠಣ್ ಅಂದಿತು,
ಗಾರೆ ಬಿಟ್ಟಲ್ಲಿ ಡೊಬ್.
ಕಲ್ಲಂಗಡಿ ಕೊಳ್ಳುವವಳ ಹಾಗೆ ಕಿವಿಗೊಟ್ಟು
ಗೋಡೆಯುದ್ದಕ್ಕೂ ನಡೆದೆ.
ಹದಿನೆಂಟು ಕಡೆ ಡೊಬ್.

ಚೌಕಿಪೇಟೆಯ ಹಿಂದಿನ ಸಂದಿಯಲ್ಲಿ ಈ ತಕ್ಕಡಿ ಮನೆ.
ಹತ್ತಿ ಈ ಊರನ್ನು ಆಳಿದ ಕಾಲದಲ್ಲಿ
ಅಂಡಿಗೆಗಳೆಲ್ಲ ಇಲ್ಲಿ ತೂಗಿಸಿಕೊಂಡು ಮುಂದೆ ಹೋದವು.
ಈಗ ಕೆಳಗೆ ಮೂರು ಸಂಸಾರ, ಒಂದು ಟೈಲರ್ ಅಂಗಡಿ,
ಮಂಡಕ್ಕಿ ಚೀಲ ಪೇರಿಸಿಟ್ಟ ಒಂದು ಕೋಣೆ;
ಮೇಲೆ ಪಾರಿವಾಳ.

ನನ್ನ ಮೇಜಿನ ಮೇಲೆ ಎರಡು ಫೈಲು.
ಗುಲಾಬಿ ದಾರದ್ದು: ಶಿಥಿಲ ಕಟ್ಟಡ, ಏಳು ದಿನದೊಳಗೆ ತೆರವು,
ತಪ್ಪಿದಲ್ಲಿ ಪಾಲಿಕೆಯೇ ಕೆಡವಿ ಖರ್ಚು ವಸೂಲು.
ಬಿಳಿ ದಾರದ್ದು: ಪಾರಂಪರಿಕ ಕಟ್ಟಡ,
ಒಂದು ಕಲ್ಲೂ ಕದಲಕೂಡದು.
ಎರಡಕ್ಕೂ ಒಬ್ಬರೇ ಸಾಹೇಬರ ಸಹಿ,
ಒಂಬತ್ತು ದಿನದ ಅಂತರ.

ನಾನು ಕೆಡವುವವಳೇ. ಸುಳ್ಳು ಹೇಳುವುದಿಲ್ಲ.
ಹೋದ ಆಷಾಢದಲ್ಲಿ ಇನ್ನೊಂದು ಓಣಿಯ ಸಜ್ಜೆ ಕುಸಿದಾಗ
ಅದರ ಕಡತ ನನ್ನ ಬಳಿಯೇ ಇತ್ತು.
‘ಪರಿಶೀಲನೆಯಲ್ಲಿದೆ’ ಎಂದು ನಾನೇ ಬರೆದಿದ್ದೆ.
ಹಾಲು ತರಲು ಹೊರಟ ಹುಡುಗನ ತಂಬಿಗೆ
ಕಲ್ಲಿನಡಿ ಚಪ್ಪಟೆಯಾಗಿ ಸಿಕ್ಕಿತು.
ಹುಡುಗ ಬದುಕಿದ. ಒಂದು ಕಾಲಿಲ್ಲ.
ಆ ಪದವನ್ನು ಆಮೇಲೆ
ಯಾವ ಕಾಗದದ ಮೇಲೂ ನಾನು ಬರೆದಿಲ್ಲ.

ಪರಂಪರೆ ಸಮಿತಿಯ ಪಂಚಾಕ್ಷರಯ್ಯನವರು ಬಂದರು,
ಉಗುರಿನಿಂದ ಸುಣ್ಣ ಕೆರೆದು ತೋರಿಸಿದರು:
ಒಳಪದರದಲ್ಲಿ ಕಾವಿ ಗೆರೆಗಳು,
ನಾಲ್ಕು ನಿಂತವು, ಒಂದು ಅಡ್ಡ,
ಮತ್ತೆ ನಾಲ್ಕು, ಮತ್ತೆ ಅಡ್ಡ,
ತೊಲೆಯ ತನಕ ಏರಿದ ಲೆಕ್ಕ.
“ಓದು ಬಾರದ ಹಮಾಲರ ದಫ್ತರ ಇದು.
ತೂಗಿಸಿದವರ ಹೆಸರನ್ನೆಲ್ಲ ಸರ್ಕಲ್ಲಿಗೆ ಇಟ್ಟಿದ್ದೀವಿ,
ಹೊತ್ತವರ ಗುರುತು ಇದೊಂದೇ.”
ಅವರ ದನಿ ನಡುಗಿತು. ನನ್ನ ಸುತ್ತಿಗೆ
ಇದ್ದಕ್ಕಿದ್ದಂತೆ ಭಾರ.

ಒಳಗಿಂದ ಹಾಲಮ್ಮ ಬಂದಳು, ಕೈಯೆಲ್ಲ ಹಿಟ್ಟು.
“ಆ ಗೀಟು ನಮ್ಮಜ್ಜನವು.
ಕೊನೇ ಸಾಲು ಅರ್ಧಕ್ಕೆ ನಿಂತೈತಲ್ಲ,
ಅವತ್ತೇ ಅವನ ಬೆನ್ನು ಹೋಗಿದ್ದು.
ಅರ್ಜಿ ಕೊಟ್ಟೋಳೂ ನಾನೇ. ಕೆಡವ್ರಿ.
ಅವನ ಮೇಲೆ ಬಿದ್ದಿದ್ದು ಸಾಕು,
ನನ್ನ ಮಗಳ ಮೇಲೂ ಬೀಳೋದು ಬ್ಯಾಡ.”
ಪಂಚಾಕ್ಷರಯ್ಯನವರು ಚಾಳೀಸು ಒರೆಸಿಕೊಂಡರು.
ಅವರ ಮನೆ ಪಿ.ಜೆ. ಬಡಾವಣೆಯಲ್ಲಿ, ಆರ್‌ಸಿಸಿ.
ಹಾಗೆಂದು ಅವರ ಮಾತು ಸುಳ್ಳಾಗುವುದಿಲ್ಲ.

“ಕೆಡವಿದ ಮೇಲೆ ಎಲ್ಲಿಗೆ ಹೋಗ್ತೀಯಮ್ಮ?”
“ಅದು ನಿಮ್ಮ ಕಾಗದದಾಗೆ ಇಲ್ವೇನ್ರಿ?”
ತಿರುಗಿಸಿ ನೋಡಿದೆ. ಹಿಂಬದಿ ಖಾಲಿ.

ಕಾಯಿದೆಯಲ್ಲಿ ಒಂದು ಸಣ್ಣ ಸಂದು ಇದೆ:
ಅಪಾಯದ ಭಾಗವನ್ನಷ್ಟೇ ಇಳಿಸಿ
ಉಳಿದದ್ದಕ್ಕೆ ಆಸರೆ ಕೊಡಬಹುದು,
ಗೋಡೆ ಇನ್ನೂ ನಡೆಯುತ್ತಿಲ್ಲವೆಂದು ಖಾತ್ರಿಯಾದರೆ.
ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಇಟ್ಟೆ,
ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿದೆ,
ಪಕ್ಕದಲ್ಲಿ ಕೆಂಪು ಬಣ್ಣದ ತಾರೀಕು.
ಕೂದಲೆಳೆಯಷ್ಟು ಸರಿದರೂ ಸೀಳುತ್ತದೆ.
ಐದು ಕಡೆ ಹೀಗೆ. ದೂರ ನಿಂತು ನೋಡಿದರೆ
ಅಜ್ಜನ ಕಾವಿ ಯಾವುದು, ನನ್ನ ಕೆಂಪು ಯಾವುದು,
ಬೇರೆ ಗೊತ್ತಾಗಲಿಲ್ಲ.

“ರಾತ್ರಿ ಒಡೆದ್ರೆ?”
ಹಾಲಮ್ಮ ಕೇಳಿದ್ದಿಷ್ಟೇ.
ನಮ್ಮ ಕೈಪಿಡಿಯಲ್ಲಿ ರಾತ್ರಿ ಇಲ್ಲ.

ಮರುದಿನ ಹೋದರೆ ಪ್ರತಿ ಗಾಜಿನ ಕೆಳಗೂ
ಕವುಚಿಟ್ಟ ಒಂದೊಂದು ಸ್ಟೀಲ್ ತಟ್ಟೆ,
ಒಂದರ ಬೆನ್ನಿಗೆ ಮಗಳ ಹೆಸರು ಕೊರೆದಿದೆ.
“ಚೂರು ಬಿದ್ರೆ ಸಪ್ಪಳಾಗ್ತೈತೆ, ಎದ್ದು ಓಡ್ತೀವಿ.”
ಹಾಗಾದರೆ ಉಣ್ಣುವುದು ಯಾತರಲ್ಲಿ, ಕೇಳಲಿಲ್ಲ.
ಮಂಚದ ಒಂದು ಕೊನೆ ಅವಳು, ಒಂದು ಕೊನೆ ನಾನು,
ಬಾಗಿಲ ಬಳಿಗೆ ಸರಿಸಿದೆವು.
ಆಸರೆ ಕಂಬದ ಟಿಪ್ಪಣಿಗೆ ‘ತುರ್ತು’ ಎಂದು ಬರೆದು
ಎರಡು ಗೆರೆ ಎಳೆದೆ.

ಆ ರಾತ್ರಿ ನನ್ನ ಅಡುಗೆಮನೆಯಲ್ಲಿ
ಬೆಕ್ಕು ಒಂದು ಲೋಟ ಉರುಳಿಸಿತು.
ಗೇಟಿನ ಹತ್ತಿರ ನಿಂತಾಗಲೇ ತಿಳಿದದ್ದು,
ಬರಿಗಾಲಲ್ಲಿ ಓಡಿ ಬಂದಿದ್ದೇನೆಂದು.