ಸೊನ್ನೆಯ ದಿನ

ಬೊಪ್ಸೊಂಗ್ ರೇವಿನ ಶೆಡ್ಡಿನಲ್ಲಿ ನಕಾಶೆ ಬಿಚ್ಚಿ
ತಾಕ್ ಇನ್ಹೊ ಮೂಲೆಗಳಿಗೆ ಸಿಕ್ಕಿದ್ದನ್ನು ಹೇರಿದ:
ಬೋಗುಣಿ, ಎರಡು ಒಣಮೀನು, ತನ್ನ ಕನ್ನಡಕ.

"ಇಲ್ಲಿ ರಿಯಾಕ್ಟರು. ಗುಡ್ಡದಡಿ ಸುರಂಗ.
ಹತ್ತಿರಕ್ಕೊಂದು ತೊಟ್ಟಿ, ದೂರಕ್ಕೊಂದು.
ದೂರದ್ದರಲ್ಲಿ ಎಷ್ಟು ಕಡಿಮೆ ಬಿತ್ತು, ಅದೇ ಲೆಕ್ಕ."

"ಮೀನಿಗೇನಾದರೂ?" ಕೇಳಿದಳು ಮ್ಯಾಂಗ್ ಬೊಕ್ಸುನ್,
ಹುಲ್ಲುಹಗ್ಗಕ್ಕೆ ಹದಿನೆಂಟನೆಯದನ್ನು ಬಿಗಿಯುತ್ತ.

"ಮೀನು, ನೀವು, ಗುಡ್ಡ, ಯಾವುದೂ ಅದಕ್ಕೆ ಅಡ್ಡವಲ್ಲ.
ಲೆಕ್ಕವಿಲ್ಲದಷ್ಟು ಹಾಯುತ್ತವೆ.
ದಿನಕ್ಕೆ ಎಪ್ಪತ್ತು ಸಿಕ್ಕರೆ ನಮಗೆ ಹಬ್ಬ."

ಒಲೆ ಆರಿದ ವಾರವೂ ಎಣಿಸಬೇಕು ಎಂದ,
ಏನೂ ಬರದಾಗ ಬರುವುದೆಷ್ಟೆಂದು ತಿಳಿಯಲು.
ಅಧಿಕಾರಿ ನಕ್ಕ.

ಅವಳು ನಗಲಿಲ್ಲ.
ದೋಣಿ ಬರಿದೇ ಮರಳಿದ ದಿನಕ್ಕೂ
ಅವಳ ಪುಸ್ತಕದಲ್ಲಿ ಒಂದು ಸಾಲಿತ್ತು:
ತಾರೀಖು, ಗಾಳಿಯ ದಿಕ್ಕು, ಸೊನ್ನೆ.

ಎದ್ದು, ಮೂಲೆಯ ಮೀನೆರಡನ್ನೂ ಎತ್ತಿಕೊಂಡಳು.
ಇಪ್ಪತ್ತಾಗಬೇಕಿತ್ತು.
ಸಮುದ್ರದ ಕಡೆಯಿಂದ ನಕಾಶೆ ಸುರುಳಿಗೊಂಡಿತು.